ಅಂಗೈಯಗಲದ ಪುಟ

ವೆಬ್‌ಸೈಟ್ ಮಾಡುವುದನ್ನು ನಾನು ಕಲಿತದ್ದು ದೋಣಿಮಲೈ ಟೌನ್‌ಶಿಪ್‌ನಲ್ಲಿ, ಯೂಟ್ಯೂಬ್ ನೋಡಿಕೊಂಡು. ಪಾಠದಲ್ಲಿ ತೋರಿಸಿದ್ದು ಯಾವುದೋ ದೂರದೂರಿನ ಕಾಫಿ ಅಂಗಡಿಯ ಪುಟ. ಹೇಳಿದಲ್ಲಿ ನಿಲ್ಲಿಸಿ, ತೋರಿಸಿದ್ದನ್ನು ಟೈಪ್ ಮಾಡಿ, ಮತ್ತೆ ಮುಂದಕ್ಕೆ ಓಡಿಸಿ ಮುಗಿಸುವ ಹೊತ್ತಿಗೆ ನನ್ನ ಪರದೆಯ ಮೇಲೂ ಅದೇ ಕಾಫಿ ಅಂಗಡಿ ಎದ್ದು ನಿಂತಿತ್ತು. ಕಿಟಕಿಯನ್ನು ಎಳೆದು ಸಣ್ಣದು ಮಾಡಿದರೆ ಮೂರು ಕಾಲಂ ಒಂದಾಗುತ್ತಿತ್ತು, ಮೆನು ಮಡಚಿಕೊಂಡು ಮೂರು ಗೆರೆಯಾಗುತ್ತಿತ್ತು. ಅದೇ ಹುಮ್ಮಸ್ಸಿನಲ್ಲಿ ಇಂಗ್ಲಿಷ್ ಅಳಿಸಿ, ಸಂಡೂರಿನ ಕುಮಾರಸ್ವಾಮಿ ದೇವಸ್ಥಾನದ ಬಗ್ಗೆ ಬರೆದಿಟ್ಟಿದ್ದ ಕನ್ನಡ ಬರಹವನ್ನು ತುಂಬಿದೆ. ಶೀರ್ಷಿಕೆಯ ಮೊದಲ ಸಾಲಿನ ಒತ್ತಕ್ಷರಗಳು ಎರಡನೆಯ ಸಾಲಿನ ತಲೆಕಟ್ಟಿಗೆ ತಾಗಿದವು. ಬಟನ್ನಿನೊಳಗಿನ ಪದ ಬಟನ್ ದಾಟಿ ಹೊರಗೆ ಚಾಚಿತು. ಮೊಬೈಲಿನಲ್ಲಿ ತೆರೆದರೆ ಇಡೀ ಪುಟ ಅಡ್ಡಡ್ಡ ಜಾರುತ್ತಿತ್ತು. ಪಾಠದ ಪ್ರಕಾರ ನಾನು ಎಲ್ಲೂ ತಪ್ಪಿರಲಿಲ್ಲ.

ಟ್ಯುಟೋರಿಯಲ್ ನೋಡಿ ಕಲಿಯುವ ದಾರಿ ಎಲ್ಲಿಯವರೆಗೆ ಕರೆದೊಯ್ಯುತ್ತದೆ, ಎಲ್ಲಿ ಕೈಬಿಡುತ್ತದೆ ಎಂದು ಅಂದಿನಿಂದ ಗಮನಿಸುತ್ತ ಬಂದಿದ್ದೇನೆ. ಅದು ಕೈಬಿಡುವ ಜಾಗ ಕನ್ನಡ ಓದುವವರಿಗೆ ಬೇರೆಯೇ ಇದೆ ಎಂಬುದು ನನಗೆ ಖಚಿತವಾಗಿದೆ.

ಊರಿನ ಮಾತು ಮೊದಲು. ದೋಣಿಮಲೈ ಎಂದರೆ ಎನ್‌ಎಂಡಿಸಿ ಎಂಬ ಗಣಿ ಕಂಪನಿ. 1977ರಲ್ಲಿ ಕೆಲಸ ಶುರುಮಾಡಿದ ಕಬ್ಬಿಣದ ಅದಿರಿನ ಗಣಿ, ಅದರ ಆಸರೆಯಲ್ಲಿ ಬೆಳೆದ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ. ಇಲ್ಲಿ ಬೆಳೆದ ಮಕ್ಕಳಿಗೆ ಕೆಲಸ ಎಂದರೆ ಗಣಿ ಅಥವಾ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ. 2018ರ ನವೆಂಬರ್‌ನಲ್ಲಿ ಗುತ್ತಿಗೆಯ ತಕರಾರಿನಿಂದ ದೋಣಿಮಲೈ ಗಣಿ ನಿಂತಿತು; ಮತ್ತೆ ಶುರುವಾದದ್ದು 2021ರ ಫೆಬ್ರುವರಿಯಲ್ಲಿ. ಒಂದೇ ಕಸುಬಿನ ಮೇಲೆ ನಿಂತ ಊರಿನ ಮಕ್ಕಳಿಗೆ ಕೈಯಲ್ಲಿ ಇನ್ನೊಂದು ವಿದ್ಯೆ ಇರಬೇಕು ಎಂಬುದನ್ನು ಆ ಎರಡು ವರ್ಷ ಯಾರೂ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಆ ವಿದ್ಯೆಗೆ ಗಿರಾಕಿಗಳೂ ಹತ್ತಿರದಲ್ಲೇ ಇದ್ದಾರೆ. 1986ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಹಂಪಿಯ ಸುತ್ತ ಕಮಲಾಪುರ, ಆನೆಗೊಂದಿಗಳಲ್ಲಿ ಹೋಂಸ್ಟೇ ನಡೆಸುವವರು, ಗೈಡ್‌ಗಳು, ಆಟೋದವರು ಇದ್ದಾರೆ. ಲಂಬಾಣಿ ಕಸೂತಿಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಸಂಡೂರು ಇದೆ. ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಆ ಕಸೂತಿಯ ಕೆಲಸ ನಡೆಯುತ್ತದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ಸೇರಿದಾಗ 450ಕ್ಕೂ ಹೆಚ್ಚು ಲಂಬಾಣಿ ಹೆಣ್ಣುಮಕ್ಕಳ ಕಸೂತಿ ಗಿನ್ನೆಸ್ ದಾಖಲೆಯಾಯಿತು. ಆ ಕೆಲಸವನ್ನು ಹುಡುಕಿಕೊಂಡು ಬರುವ ಗಿರಾಕಿಯ ಕೈಯಲ್ಲಿರುವುದು ಮೊಬೈಲು. ಹಾಗಾಗಿ ಮೊಬೈಲಿನಲ್ಲಿ ನೆಟ್ಟಗೆ ಕಾಣುವ ಪುಟ ಮಾಡುವುದು ಈ ಸೀಮೆಯಲ್ಲಿ ಶೋಕಿಯ ವಿದ್ಯೆಯಲ್ಲ.

ನಮ್ಮ ಕಡೆ ಈ ಕಲಿಕೆಗೆ ಇಳಿಯುವವರಲ್ಲಿ ಎರಡು ಬಗೆಯವರನ್ನು ಕಂಡಿದ್ದೇನೆ. ಒಂದು, ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಓದುವವರು. ಇನ್ನೊಂದು, ಡಿಟಿಪಿ ಅಂಗಡಿಯವರು. ಲಗ್ನಪತ್ರಿಕೆ, ಫ್ಲೆಕ್ಸ್, ಬಿಲ್‌ಬುಕ್ ಮಾಡಿ ಕೈ ಪಳಗಿದ ಈ ಎರಡನೆಯವರಿಗೆ ಬಣ್ಣ, ಅಕ್ಷರ, ಅಂದ ಎಲ್ಲವೂ ಗೊತ್ತು. ಗೊತ್ತಿರುವುದೇ ಅವರಿಗೆ ಅಡ್ಡ ಬರುತ್ತದೆ. ಲಗ್ನಪತ್ರಿಕೆಗೆ ಅಳತೆ ಇದೆ. ಎಲ್ಲಿಟ್ಟ ಅಕ್ಷರ ಅಲ್ಲೇ ಇರುತ್ತದೆ. ವೆಬ್ ಪುಟಕ್ಕೆ ಅಳತೆಯೇ ಇಲ್ಲ. ಕೋರಲ್‌ಡ್ರಾದಲ್ಲಿ ಚೆಂದವಾಗಿ ಮಾಡಿದ ಫ್ಲೆಕ್ಸನ್ನು ಚಿತ್ರವಾಗಿಸಿ ಹಾಗೇ ಸೈಟಿಗೆ ಅಂಟಿಸುವುದನ್ನು ನೋಡಿದ್ದೇನೆ. ಮೊಬೈಲಿನಲ್ಲಿ ಅದನ್ನು ಎರಡು ಬೆರಳಿನಿಂದ ಹಿಗ್ಗಿಸಿ, ಎಡಕ್ಕೂ ಬಲಕ್ಕೂ ಸರಿಸುತ್ತ ಓದಬೇಕು. ಹುಡುಕು ಯಂತ್ರಕ್ಕೆ ಅದರಲ್ಲಿನ ಒಂದಕ್ಷರವೂ ಕಾಣದು. ಕಣ್ಣು ಕಾಣದವರಿಗಾಗಿ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಕೇಳಿಸದು.

ರೆಸ್ಪಾನ್ಸಿವ್ ವಿನ್ಯಾಸ ಎಂಬುದು ಈ ಅಳತೆಯ ಹಟವನ್ನು ಬಿಡುವ ವಿದ್ಯೆ. 2007ರಲ್ಲಿ ಐಫೋನ್ ಬಂದಾಗ ಅದರ ಬ್ರೌಸರ್ ಒಂದು ಉಪಾಯ ಮಾಡಿತು: ಪುಟ 980 ಪಿಕ್ಸೆಲ್ ಅಗಲ ಇದೆಯೆಂದು ಎಣಿಸಿ, ಅಷ್ಟನ್ನೂ ಕುಗ್ಗಿಸಿ ಚಿಕ್ಕ ಪರದೆಯಲ್ಲಿ ತೋರಿಸಿತು. ಓದಲು ಕಣ್ಣು ಕಿರಿದು ಮಾಡಬೇಕಿತ್ತು. ಮೊಬೈಲಿಗೆ ಬೇರೆ ಸೈಟು, ಕಂಪ್ಯೂಟರಿಗೆ ಬೇರೆ ಸೈಟು ಎಂಬ ಪದ್ಧತಿ ಕೆಲವು ವರ್ಷ ನಡೆಯಿತು. 2010ರ ಮೇ 25ರಂದು ಈಥನ್ ಮಾರ್ಕಾಟ್ ಎಂಬ ಅಮೆರಿಕದ ವಿನ್ಯಾಸಕ 'ಎ ಲಿಸ್ಟ್ ಅಪಾರ್ಟ್' ಪತ್ರಿಕೆಯಲ್ಲಿ ಬರೆದ ಲೇಖನ ಆ ಪದ್ಧತಿಯನ್ನು ಪ್ರಶ್ನಿಸಿತು. ಒಳಗಿರುವ ಜನರಿಗೆ ತಕ್ಕಂತೆ ಗೋಡೆ, ಬೆಳಕು ಬದಲಾಗುವ ಕಟ್ಟಡಗಳ ಕಲ್ಪನೆ ವಾಸ್ತುಶಿಲ್ಪದಲ್ಲಿತ್ತು. ಹೆಸರನ್ನು ಅವರು ತಂದದ್ದು ಅಲ್ಲಿಂದ. ಅವರು ಹೇಳಿದ್ದು ಮೂರು ವಿಷಯ. ಕಾಲಂಗಳ ಅಗಲವನ್ನು ಪಿಕ್ಸೆಲ್ ಲೆಕ್ಕದಲ್ಲಲ್ಲ, ಪಾಲಿನ ಲೆಕ್ಕದಲ್ಲಿ ಕೊಡಬೇಕು. ಚಿತ್ರ ತನಗೆ ಕೊಟ್ಟ ಜಾಗವನ್ನು ಮೀರಬಾರದು. ಪರದೆಯ ಅಗಲ ಇಷ್ಟಕ್ಕಿಂತ ಕಡಿಮೆಯಾದರೆ ಹೀಗೆ ಜೋಡಿಸು ಎಂದು ಹೇಳುವ ಮೀಡಿಯಾ ಕ್ವೆರಿ ಬೇಕು. ತುರ್ತಾ ಕಾಲುವೆಯ ನೀರು ಹಂಪಿಯ ಗದ್ದೆಗಳಿಗೆ ಹೊಕ್ಕಾಗ ಮಡಿಯ ಆಕಾರವೇ ನೀರಿನ ಆಕಾರವಾಗುತ್ತದಲ್ಲ, ಪುಟವೂ ಪರದೆಯೊಳಗೆ ಹಾಗೆ ನಿಲ್ಲಬೇಕು.

2015ರ ಏಪ್ರಿಲ್ 21ರಿಂದ ಗೂಗಲ್ ಮೊಬೈಲ್ ಹುಡುಕಾಟದಲ್ಲಿ ಮೊಬೈಲಿಗೊಗ್ಗುವ ಪುಟಗಳಿಗೆ ಮಣೆ ಹಾಕತೊಡಗಿತು. ಮರುವರ್ಷ ಸೆಪ್ಟೆಂಬರ್‌ನಲ್ಲಿ ಜಿಯೋ ಬಂತು. ಅಕ್ಟೋಬರ್‌ನಲ್ಲಿ, ಸ್ಟ್ಯಾಟ್‌ಕೌಂಟರ್ ಲೆಕ್ಕದಂತೆ, ಜಗತ್ತಿನಲ್ಲಿ ಮೊಬೈಲಿನ ಬಳಕೆ ಕಂಪ್ಯೂಟರನ್ನು ದಾಟಿತು. ಈಗ ಬಳ್ಳಾರಿ, ವಿಜಯನಗರ ಜಿಲ್ಲಾಡಳಿತಗಳ ತಾಣಗಳನ್ನು ಮೊಬೈಲಿನಲ್ಲಿ ತೆರೆದು ನೋಡಿ, ಮೆನು ತಾನಾಗಿ ಮಡಚಿಕೊಳ್ಳುತ್ತದೆ. ಎನ್‌ಐಸಿ ರೂಪಿಸಿದ ಎಸ್‌3ವಾಸ್ ಎಂಬ ವ್ಯವಸ್ಥೆಯ ಕೆಲಸ ಅದು. ಕಲಿಯುವವರಿಗೆ ಒಳ್ಳೆಯ ಮಾದರಿ ಕೈಗೆಟುಕುವಲ್ಲೇ ಇದೆ.

ಇನ್ನು ಸಾಫ್ಟ್‌ವೇರ್. ಇಲ್ಲಿ ನಾನು ಸ್ವಲ್ಪ ಬೇಸರದ ಮಾತಾಡಬೇಕಾಗಿದೆ. ಕೋಡ್ ಬರೆಯದೆ ಎಳೆದು ಬಿಟ್ಟು ಪುಟ ಕಟ್ಟುವ ಉಪಕರಣಗಳು ಬಂದಷ್ಟೇ ಬೇಗ ಹೋಗುತ್ತವೆ. ಮೈಕ್ರೋಸಾಫ್ಟ್‌ನ ಫ್ರಂಟ್‌ಪೇಜ್ 2006ರಲ್ಲಿ ಹೋಯಿತು. ಅಡೋಬಿ 2012ರಲ್ಲಿ ತಂದ ಮ್ಯೂಸ್, ಡಿಟಿಪಿಯವರಿಗೆಂದೇ ಮಾಡಿಸಿದಂತಿತ್ತು. 2016ರಲ್ಲಿ ಅದಕ್ಕೆ ರೆಸ್ಪಾನ್ಸಿವ್ ಸೌಲಭ್ಯ ಸೇರಿತು. 2018ರ ಮಾರ್ಚ್‌ನಲ್ಲಿ ಅದನ್ನು ನಿಲ್ಲಿಸುವುದಾಗಿ ಅಡೋಬಿಯೇ ಹೇಳಿತು. 2020ರ ಮಾರ್ಚ್ 26ಕ್ಕೆ ಬೆಂಬಲ ಮುಗಿಯಿತು. ಮ್ಯೂಸ್ ಕಲಿಸುವ ವಿಡಿಯೋಗಳು ಮಾತ್ರ ಇಂದಿಗೂ ಸಿಗುತ್ತವೆ, ಹೊಸಬರು ಇಂದಿಗೂ ನೋಡುತ್ತಾರೆ. ಅಡೋಬಿಯದೇ ಎಡ್ಜ್ ರಿಫ್ಲೋ, ಬಹಳ ಭರವಸೆ ಹುಟ್ಟಿಸಿದ್ದ ಮಕಾ, ಎರಡೂ ಕೆಲವೇ ವರ್ಷ ಬಾಳಿದವು. ಉಳಿದುಕೊಂಡ ಉಪಕರಣಗಳೂ ಮೈ ಬದಲಿಸುತ್ತವೆ. 2011ರಲ್ಲಿ ಟ್ವಿಟರ್‌ನ ಇಬ್ಬರು ಹೊರತಂದ ಬೂಟ್‌ಸ್ಟ್ರಾಪ್ ನಮ್ಮ ಕಾಲೇಜುಗಳ ಪ್ರಾಜೆಕ್ಟ್‌ಗಳಲ್ಲಿ ಬಹಳ ಬಳಕೆಯಲ್ಲಿದೆ. ಅದರ ಮೂರನೆಯ ಆವೃತ್ತಿಯಲ್ಲಿ 'ಪ್ಯಾನೆಲ್' ಎನ್ನುತ್ತಿದ್ದುದು 2018ರ ನಾಲ್ಕನೆಯದರಲ್ಲಿ 'ಕಾರ್ಡ್' ಆಯಿತು. ಮೊಬೈಲಿನ ಅಗಲಕ್ಕೆಂದಿದ್ದ 'ಎಕ್ಸ್‌ಎಸ್' ಹೆಸರಿನ ಕಾಲಂಗಳೇ ಇಲ್ಲವಾದವು. ಹಳೆಯ ಪಾಠ ನೋಡಿ ಹೊಸ ಆವೃತ್ತಿಯಲ್ಲಿ ಬರೆದ ವಿದ್ಯಾರ್ಥಿಗೆ ಪುಟ ಏಕೆ ಚೆಲ್ಲಾಪಿಲ್ಲಿಯಾಯಿತೆಂದು ತಿಳಿಯುವುದೇ ಇಲ್ಲ. ತನಗೇ ಬುದ್ಧಿ ಸಾಲದು ಎಂದುಕೊಂಡು ಬಿಟ್ಟುಬಿಡುತ್ತಾನೆ. ಜಗತ್ತಿನ ತಾಣಗಳಲ್ಲಿ ಐದಕ್ಕೆ ಎರಡರಷ್ಟನ್ನು ನಡೆಸುತ್ತಿರುವ ವರ್ಡ್‌ಪ್ರೆಸ್ ಕೂಡ 2018ರ ಡಿಸೆಂಬರ್‌ನಲ್ಲಿ ಸಂಪಾದನೆಯ ವಿಧಾನವನ್ನೇ ಬದಲಿಸಿತು.

ಹಾಗಾಗಿ ವಿಡಿಯೋ ಶುರುಮಾಡುವ ಮುನ್ನ ಅದರ ವರ್ಷವನ್ನೂ, ಅದರಲ್ಲಿ ಬಳಸಿದ ಆವೃತ್ತಿಯನ್ನೂ ನೋಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಅದಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ಎರಡು ಮೂರು ವಾರವಾದರೂ ಬರೀ ಎಚ್‌ಟಿಎಂಎಲ್, ಸಿಎಸ್‌ಎಸ್ ಕೈಯಲ್ಲೇ ಬರೆಯಿರಿ. ಮ್ಯೂಸ್ ಕಲಿತವರ ಶ್ರಮ ಮ್ಯೂಸ್ ಜೊತೆಗೇ ಹೋಯಿತು. 2010ರಲ್ಲಿ ಮೀಡಿಯಾ ಕ್ವೆರಿ ಬರೆಯಲು ಕಲಿತವರಿಗೆ ಅದು ಇಂದಿಗೂ ಅನ್ನ ಕೊಡುತ್ತಿದೆ. 2017ರಲ್ಲಿ ಸಿಎಸ್‌ಎಸ್ ಗ್ರಿಡ್, 2023ರಲ್ಲಿ ಕಂಟೇನರ್ ಕ್ವೆರಿ ಬ್ರೌಸರುಗಳಿಗೆ ಬಂದಾಗ ಹಳೆಯದೇನೂ ಕೆಡಲಿಲ್ಲ, ಹೊಸದು ಸೇರಿತು ಅಷ್ಟೆ.

ಪಾಠಗಳಲ್ಲೂ ಬಗೆಗಳಿವೆ. 1998ರಲ್ಲಿ ಶುರುವಾದ ಡಬ್ಲ್ಯು3ಸ್ಕೂಲ್ಸ್ ತಾಣ ಚಿಕ್ಕ ಉದಾಹರಣೆ ಕೊಟ್ಟು ಅಲ್ಲೇ ಬದಲಿಸಿ ನೋಡಲು ಬಿಡುತ್ತದೆ. ಸಂಶಯ ಬಂದಾಗ ಒಂದು ನಿಮಿಷದಲ್ಲಿ ಉತ್ತರ ಸಿಗುತ್ತದೆ, ಆದರೆ ಬಿಡಿ ಬಿಡಿ ತುಣುಕು ಕೂಡಿಸುವ ಕೆಲಸ ನಮ್ಮದೇ. 2014ರಲ್ಲಿ ಶುರುವಾದ ಫ್ರೀಕೋಡ್‌ಕ್ಯಾಂಪ್‌ನಲ್ಲಿ ರೆಸ್ಪಾನ್ಸಿವ್ ವಿನ್ಯಾಸಕ್ಕೇ ಒಂದು ಪ್ರಮಾಣಪತ್ರವಿತ್ತು, ದುಡ್ಡಿಲ್ಲದೆ. ಅದರ 2022ರ ಪಠ್ಯಕ್ರಮದಲ್ಲಿ ನನಗೆ ಬಹಳ ಹಿಡಿಸಿದ್ದು ಒಂದೇ ಅಂಶ: ಹೆಜ್ಜೆ ಹೆಜ್ಜೆಗೂ ಕೈಹಿಡಿದು ನಡೆಸಿದ ಮೇಲೆ ಐದು ಪುಟಗಳನ್ನು ಹಂತಹಂತದ ಸೂಚನೆ ಇಲ್ಲದೆ ನಾವೇ ಕಟ್ಟಿ ಒಪ್ಪಿಸಬೇಕಿತ್ತು. ಯೂಟ್ಯೂಬ್ ಪಾಠಗಳಲ್ಲಿ ಇಲ್ಲದಿರುವುದು ಇದೇ. ನೋಡುತ್ತಿದ್ದಷ್ಟು ಹೊತ್ತು ಎಲ್ಲವೂ ತಿಳಿದಂತಿರುತ್ತದೆ; ಖಾಲಿ ಪರದೆಯ ಮುಂದೆ ಕೂತರೆ ಮೊದಲ ಸಾಲು ಹುಟ್ಟುವುದಿಲ್ಲ. ಇನ್ನೊಂದು ಪಾಠ ನೋಡಿದರೆ ಸರಿಹೋದೀತೆಂದು ಇನ್ನೊಂದನ್ನು ಹಚ್ಚುತ್ತೇವೆ, ಆಮೇಲೆ ಮತ್ತೊಂದು.

ಈ ತೊಡಕು ಯೂಟ್ಯೂಬಿಗಿಂತ ಹಳೆಯದು. 1980ರ ದಶಕದಲ್ಲಿ ಐಬಿಎಂ ಸಂಶೋಧನಾ ಕೇಂದ್ರದಲ್ಲಿದ್ದ ಜಾನ್ ಕ್ಯಾರಲ್, ಕಚೇರಿಯ ನೌಕರರು ಆಗ ಹೊಸದಾಗಿದ್ದ ವರ್ಡ್ ಪ್ರೊಸೆಸರ್ ಕಲಿಯುವುದನ್ನು ಪಕ್ಕದಲ್ಲಿ ಕೂತು ನೋಡಿದರು. ಯಾರೂ ಕೈಪಿಡಿಯನ್ನು ಮೊದಲಿನಿಂದ ಓದಲಿಲ್ಲ. ತಮ್ಮ ಕೈಯಲ್ಲಿದ್ದ ನಿಜವಾದ ಕೆಲಸಕ್ಕೇ ಧುಮುಕಿದರು, ತಪ್ಪಿದರು, ತಪ್ಪಿನಿಂದ ಹೊರಬರಲಾಗದೆ ಒದ್ದಾಡಿದರು. ಹಾಗಿದ್ದರೆ ಕೈಪಿಡಿಯೇ ಚಿಕ್ಕದಾಗಲಿ, ಕಲಿಯುವವರ ಸ್ವಂತ ಕೆಲಸದಿಂದಲೇ ಶುರುವಾಗಲಿ, ತಪ್ಪಾದಾಗ ಏನು ಮಾಡಬೇಕೆಂದು ಹೇಳಲಿ ಎಂದು ಕ್ಯಾರಲ್ ವಾದಿಸಿದರು. 1990ರ ಅವರ ಪುಸ್ತಕ 'ದಿ ನರ್ನ್‌ಬರ್ಗ್ ಫನಲ್' ಇದನ್ನೇ ವಿಸ್ತರಿಸುತ್ತದೆ. ನಲವತ್ತು ನಿಮಿಷ ಎಲ್ಲೂ ಎಡವದೆ ಟೈಪ್ ಮಾಡುತ್ತ ಹೋಗುವ ಬೋಧಕರನ್ನು ಕಂಡಾಗಲೆಲ್ಲ ನನಗೆ ಕ್ಯಾರಲ್ ನೆನಪಾಗುತ್ತಾರೆ. ಎಡವಿ ಎದ್ದದ್ದನ್ನೆಲ್ಲ ಕತ್ತರಿಸಿ ತೆಗೆದ ವಿಡಿಯೋ ನೋಡಿ ನಾವು ಎಡವಿದಾಗ ಏಳುವುದನ್ನು ಹೇಗೆ ಕಲಿಯುವುದು?

ಕನ್ನಡದಲ್ಲಿ ಏನಿದೆ? ಇಂಗ್ಲಿಷಿಗೆ ಹೋಲಿಸಿದರೆ ಕಡಿಮೆಯೇ. ಆದರೆ ಒಂದು ಗಟ್ಟಿಯಾದ ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಐಐಟಿ ಬಾಂಬೆಯಲ್ಲಿ ಪ್ರೊ. ಕಣ್ಣನ್ ಮೌದ್ಗಲ್ಯ ಕೇಂದ್ರ ಸರ್ಕಾರದ ಅನುದಾನದಲ್ಲಿ ಕಟ್ಟಿದ 'ಸ್ಪೋಕನ್ ಟ್ಯುಟೋರಿಯಲ್' ಯೋಜನೆ ಅದು. ಲಿಬ್ರೆಆಫೀಸ್, ಗಿಂಪ್, ಇಂಕ್‌ಸ್ಕೇಪ್, ಪಿಎಚ್‌ಪಿ, ಡ್ರೂಪಲ್ ಮೊದಲಾದ ಮುಕ್ತ ತಂತ್ರಾಂಶಗಳನ್ನು ಸುಮಾರು ಹತ್ತು ನಿಮಿಷದ ಪಾಠಗಳಾಗಿ ಒಡೆದಿದ್ದಾರೆ. ಹಲವು ಪಾಠಗಳ ಧ್ವನಿ ಕನ್ನಡದಲ್ಲಿದೆ, ಪರದೆಯ ಮೇಲಿನ ಅಕ್ಷರ ಇಂಗ್ಲಿಷಿನಲ್ಲೇ ಉಳಿದಿದೆ. ಕೆಲಸ ಕೇಳಲು ಹೋದಾಗ ಇಂಗ್ಲಿಷ್ ಮೆನು ನೋಡಿ ಕಂಗಾಲಾಗದಿರಲಿ ಎಂಬ ಕಾಳಜಿ ಅದರ ಹಿಂದಿದೆ. ಪರದೆಯ ಅರ್ಧದಲ್ಲಿ ಪಾಠ, ಇನ್ನರ್ಧದಲ್ಲಿ ಸಾಫ್ಟ್‌ವೇರ್ ಇಟ್ಟುಕೊಂಡು ಜೊತೆಜೊತೆಗೇ ಮಾಡಬೇಕು. ಗುರುವಿಲ್ಲದ ಊರಿನವರನ್ನು ಮನಸ್ಸಿನಲ್ಲಿಟ್ಟು ಮಾಡಿದ ಕೆಲಸವಿದು. ನಮ್ಮಂಥವರು ಅದಕ್ಕೆ ಋಣಿಗಳು.

ಯೂಟ್ಯೂಬಿನ ಕನ್ನಡ ಪಾಠಗಳದು ಬೇರೆ ಧಾಟಿ. 'ಈಗ ಡಿವ್ ಓಪನ್ ಮಾಡ್ಕೊಳ್ಳಿ, ಕ್ಲಾಸ್ ಕೊಡಿ, ಸೇವ್ ಮಾಡಿ ರಿಫ್ರೆಶ್ ಹೊಡೀರಿ.' ಇದನ್ನು ಕಂಗ್ಲಿಷ್ ಎಂದು ಹೀಗಳೆಯುವವರ ಜೊತೆ ನಾನಿಲ್ಲ. ಆಜ್ಞೆಯ ಪದಗಳು ಯಂತ್ರಕ್ಕೆ ಬರೆಯುವವು, ಹಾಗೇ ಇರಲಿ. ವಿವರಣೆ ಕನ್ನಡದ್ದಾದರೆ ಸಾಕು. ಆದರೆ ವಿವರಣೆಯೇ ಇರುವುದಿಲ್ಲ ಎಂಬುದು ನನ್ನ ತಕರಾರು. ಪ್ಯಾಡಿಂಗ್, ಬಾರ್ಡರ್, ಮಾರ್ಜಿನ್ ಮೂರಕ್ಕೂ ಏನು ವ್ಯತ್ಯಾಸ ಎಂದು ಟೌನ್‌ಶಿಪ್‌ನ ಹುಡುಗಿಯೊಬ್ಬಳು ಕೇಳಿದಾಗ ಅವಳ ಕ್ವಾರ್ಟರ್ಸನ್ನೇ ತೋರಿಸಿದೆ. ಗೋಡೆಯೇ ಬಾರ್ಡರ್. ಗೋಡೆಗೂ ಒಳಗಿನ ಮಂಚಕ್ಕೂ ನಡುವೆ ಬಿಟ್ಟ ಜಾಗ ಪ್ಯಾಡಿಂಗ್. ನಿಮ್ಮ ಗೋಡೆಗೂ ಪಕ್ಕದ ಮನೆಯವರ ಗೋಡೆಗೂ ಇರುವ ಸಂದಿ ಮಾರ್ಜಿನ್. ಪುಟದ ಡಬ್ಬಿಗಳನ್ನು ಸಾಲಾಗಿ ಜೋಡಿಸುವ ಫ್ಲೆಕ್ಸ್‌ಬಾಕ್ಸ್‌ನಲ್ಲಿ ಜಾಗ ಸಾಲದಾದಾಗ ಅವು ಕೆಳಗಿಳಿಯುವುದಕ್ಕೆ ಮದುವೆಯ ಊಟದ ಪಂಕ್ತಿಗಿಂತ ಒಳ್ಳೆಯ ಚಿತ್ರ ಬೇಕೇ? ಅವಳು ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

ಇಷ್ಟಾದರೂ ಮೊದಲು ಹೇಳಿದ ತೊಂದರೆ ಹಾಗೇ ಉಳಿಯುತ್ತದೆ. ಪಾಠ ಕನ್ನಡದಲ್ಲಿದ್ದರೂ ಪುಟದೊಳಗೆ ಸುರಿಯುವುದು 'ಲೋರೆಮ್ ಇಪ್ಸಮ್'. ಕ್ರಿ.ಪೂ. 45ರ ಸಿಸೆರೊನ ಲ್ಯಾಟಿನ್ ಗ್ರಂಥವನ್ನು ಕತ್ತರಿಸಿ ಕಲಸಿ ಮಾಡಿದ ಈ ಅರ್ಥವಿಲ್ಲದ ಪಠ್ಯ ಮುದ್ರಣಕಾರರ ರೂಢಿಯಿಂದ ವೆಬ್ಬಿಗೆ ಬಂತು. ಅದರ ಪದಗಳು ಚಿಕ್ಕವು, ಮೇಲೆ ಕೆಳಗೆ ಹೆಚ್ಚು ಚಾಚವು. ಎಂಥ ಸಡಿಲ ವಿನ್ಯಾಸದಲ್ಲೂ ಚೆಂದ ಕಾಣುತ್ತದೆ. ಕನ್ನಡ ಹಾಗಲ್ಲ. ಪ್ರತ್ಯಯದ ಮೇಲೆ ಪ್ರತ್ಯಯ ಕೂಡಿ ನಮ್ಮ ಪದ ಬೆಳೆಯುತ್ತದೆ. 'ನೋಂದಾಯಿಸಿಕೊಳ್ಳಬೇಕಾಗಿರುವುದರಿಂದ' ಎಂಬ ಒಂದೇ ಪದ ದೊಡ್ಡ ಶೀರ್ಷಿಕೆಯಲ್ಲಿ 360 ಪಿಕ್ಸೆಲ್ ಅಗಲದ ಮೊಬೈಲನ್ನು ದಾಟಿ ಹೋಗುತ್ತದೆ; ನನ್ನ ಪುಟ ಅಡ್ಡಡ್ಡ ಜಾರಿದ್ದು ಇಂಥದೇ ಒಂದು ಪದದಿಂದ. ಉದ್ದದ ಪದವನ್ನು ಒಡೆಯಲು ಅನುಮತಿ ಕೊಡುವ 'ಓವರ್‌ಫ್ಲೋ-ರ‍್ಯಾಪ್' ಎಂಬ ಒಂದೇ ಸಾಲು ಅದನ್ನು ಸರಿಮಾಡಿತು. ಪತ್ರಿಕೆಯ ಕಿರಿದಾದ ಕಾಲಂಗಳಲ್ಲಿ ಒಡೆದ ಪದ ಓದಿ ಬೆಳೆದ ನಮಗೆ ಅದು ಕಣ್ಣಿಗೆ ಚುಚ್ಚುವುದಿಲ್ಲ.

ಒತ್ತಕ್ಷರದ್ದು ಇನ್ನೊಂದು ಕಥೆ. ಬೂಟ್‌ಸ್ಟ್ರಾಪ್ ಶೀರ್ಷಿಕೆಗಳಿಗೆ ಕೊಡುವ ಸಾಲಿನ ಎತ್ತರ ಅಕ್ಷರದ 1.2 ಪಟ್ಟು. ಇಂಗ್ಲಿಷಿಗೆ ಹಿತ. 'ರಾಷ್ಟ್ರಕೂಟ' ಎಂದು ಬರೆದ ಸಾಲಿನ ಕೆಳಗೆ ದೀರ್ಘ, ಗುಡಿಸುಗಳಿರುವ ಇನ್ನೊಂದು ಸಾಲು ಬಂದರೆ ಎರಡೂ ಸಿಕ್ಕಿಕೊಳ್ಳುತ್ತವೆ. 1.5, 1.6ಕ್ಕೆ ಏರಿಸಿದರೆ ಉಸಿರಾಡುತ್ತವೆ. ಪಾಠದವರು ಗೂಗಲ್ ಫಾಂಟ್ಸ್‌ನಿಂದ ಪಾಪಿನ್ಸ್ ತಂದು ಹಾಕಿ ಎನ್ನುತ್ತಾರೆ. ಅದರಲ್ಲಿ ದೇವನಾಗರಿ ಇದೆ, ಕನ್ನಡವಿಲ್ಲ. ಹಾಕಿದರೂ ಫೋನಿನಲ್ಲಿದ್ದ ಬೇರಾವುದೋ ಕನ್ನಡ ಫಾಂಟು ಬಂದು ಕೂರುತ್ತದೆ, ಕಲಿಯುವವರಿಗೆ ಗೊತ್ತೇ ಆಗುವುದಿಲ್ಲ. ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ, ತಿರೊ ಕನ್ನಡ, ಅನೆಕ್ ಕನ್ನಡ ಅಲ್ಲೇ ಉಚಿತವಾಗಿವೆ. ಒಂದು ಸಾಲಿನಲ್ಲಿ ಎಷ್ಟು ಅಕ್ಷರವಿರಬೇಕೆಂದು ಹೇಳಲು ಬಳಸುವ 'ಸಿಎಚ್' ಎಂಬ ಅಳತೆ ಸೊನ್ನೆಯ ಅಗಲವನ್ನು ನಂಬಿದ್ದು. ಕನ್ನಡದ ಅಕ್ಷರಕ್ಕೆ ಆ ಲೆಕ್ಕ ಕೂಡುವುದಿಲ್ಲ. ಎಲ್ಲ ಅಕ್ಷರವನ್ನೂ ಕ್ಯಾಪಿಟಲ್ ಮಾಡುವ ಆಜ್ಞೆ ಕನ್ನಡದಲ್ಲಿ ಏನನ್ನೂ ಮಾಡದು. ಓರೆ ಅಕ್ಷರವಂತೂ ಬೇಡವೇ ಬೇಡ.

ಡಿಟಿಪಿ ಅಂಗಡಿಯವರಿಗೆ ಇದಕ್ಕೂ ಮೊದಲೇ ಒಂದು ಗೋಡೆ ಎದುರಾಗುತ್ತದೆ. ವರ್ಷಗಟ್ಟಲೆ 'ನುಡಿ', 'ಬರಹ' ಎಂಬ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪ್ ಮಾಡಿಟ್ಟ ಬರವಣಿಗೆಯನ್ನು ಸೈಟಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಆ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. 1996ರಲ್ಲಿ ಯು.ಬಿ. ಪವನಜ 'ವಿಶ್ವಕನ್ನಡ'ವನ್ನು ಅಂತರಜಾಲಕ್ಕೆ ತಂದ ಕಾಲದಲ್ಲಿ ಬೇರೆ ದಾರಿ ಇರಲಿಲ್ಲ. ಈಗ ಕನ್ನಡದ ಅಕ್ಷರಗಳಿಗೆ ತಮ್ಮದೇ ಜಾಗ ಕೊಡುವ ಯೂನಿಕೋಡ್ ಇದೆ, ಹಳೆಯದನ್ನು ಪರಿವರ್ತಿಸುವ ಉಚಿತ ಉಪಕರಣಗಳೂ ಇವೆ. ಆದರೆ ಇಂಗ್ಲಿಷ್ ಪಾಠ ಮಾಡುವವರಿಗೆ ಇಂಥದೊಂದು ತೊಂದರೆ ಇದೆಯೆಂಬುದೇ ಗೊತ್ತಿಲ್ಲ. ಫ್ಲೆಕ್ಸನ್ನೇ ಚಿತ್ರವಾಗಿ ಅಂಟಿಸುವವರ ಮೇಲೆ ನನಗಿದ್ದ ಸಿಟ್ಟು ಇಳಿದದ್ದು ಇದು ಅರ್ಥವಾದ ಮೇಲೆ. ಬೇರೆ ದಾರಿಯನ್ನು ಅವರಿಗೆ ಯಾರೂ ತೋರಿಸಿರಲಿಲ್ಲ.

ಪುಟವನ್ನು ಪರೀಕ್ಷಿಸುವ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ಕ್ರೋಮ್ ಬ್ರೌಸರಿನಲ್ಲಿ ಫೋನಿನ ಅಗಲವನ್ನೂ ನಿಧಾನದ ನೆಟ್‌ವರ್ಕನ್ನೂ ಅನುಕರಿಸುವ ಸೌಲಭ್ಯವಿದೆ. ಪಾಠಗಳು ಅಲ್ಲಿಗೇ ನಿಲ್ಲುತ್ತವೆ. ಹಂಪಿಯ ಬಂಡೆಗಳ ನಡುವೆ ಮಟಮಟ ಮಧ್ಯಾಹ್ನ ನಿಂತು, ನಾಲ್ಕು ವರ್ಷ ಹಳೆಯ ಫೋನಿನಲ್ಲಿ ಪುಟ ತೆರೆದು ನೋಡಿ. ಬೂದು ಬಣ್ಣದ ತೆಳು ಅಕ್ಷರಗಳು ಆ ಬಿಸಿಲಿಗೆ ಮಾಯವಾಗುತ್ತವೆ. ಮನೆಯಲ್ಲಿ ಚೆಂದ ಕಂಡ ದೊಡ್ಡ ಚಿತ್ರ ಸಂಡೂರಿನ ಕಣಿವೆಯಲ್ಲಿ ಸಿಗ್ನಲ್ ಬಿದ್ದಾಗ ಅರ್ಧಕ್ಕೇ ನಿಲ್ಲುತ್ತದೆ. ಗಿರಾಕಿ ನಮ್ಮ ಪುಟ ನೋಡುವುದು ಅಂಥ ಜಾಗದಲ್ಲೇ.

ಲ್ಯಾಟಿನ್ನಿನ ಬದಲು ಕಲಿಯುವ ಮೊದಲ ದಿನದಿಂದಲೇ ಸುರಿಯಲು ನಾನೊಂದು ಮಾದರಿ ಪಠ್ಯ ಬರೆದಿಟ್ಟುಕೊಂಡಿದ್ದೇನೆ. ಉದ್ದದ ಪದ, ಎರಡಂತಸ್ತಿನ ಒತ್ತು, ಅಂಕಿ, ದೀರ್ಘ ಎಲ್ಲವೂ ಅದರಲ್ಲಿವೆ. ಯಾರು ಬೇಕಾದರೂ ತೆಗೆದುಕೊಳ್ಳಬಹುದು:

'ಹೊಸಪೇಟೆಯಲ್ಲಿಳಿದುಕೊಂಡವರು ಸಂಡೂರಿಗೆ ಬಂದು, ರಾಷ್ಟ್ರಕೂಟರ ಕಾಲದ ಕುಮಾರಸ್ವಾಮಿ ದೇವಸ್ಥಾನವನ್ನೂ ಪಕ್ಕದ ಪಾರ್ವತಿ ಗುಡಿಯನ್ನೂ ನೋಡಿಕೊಂಡು ದೋಣಿಮಲೈಗೆ ಬರಬಹುದು. 1977ರಿಂದ ಅದಿರು ತೆಗೆಯುತ್ತಿರುವ ಗುಡ್ಡಗಳಿವು. ಕಸೂತಿ ಕೊಳ್ಳಬೇಕೆಂದಿರುವವರು ಮುಂಚಿತವಾಗಿಯೇ ತಿಳಿಸಬೇಕಾಗಿರುವುದರಿಂದ ಈ ಬಟನ್ ಒತ್ತಿ.'